ತಿಳಿಸಾರು ಪಾಸು ಮಾಡಿದ ಬ್ರೇಕು

ಪಿಕಪ್ ಗಾಡಿಯ ಹಿಂದೆ ಕಟ್ಟುವ ಟ್ರೈಲರಿಗೆ ಯಾವ ಬ್ರೇಕ್ ಕಂಟ್ರೋಲರ್ ಒಳ್ಳೆಯದು ಎಂದು ಯಾರಾದರೂ ನನ್ನನ್ನು ಕೇಳಿದರೆ, ನಾನು ತಿರುಗಿ ಕೇಳುವ ಮೊದಲ ಪ್ರಶ್ನೆ, ‘ನಿಮ್ಮನೇಲಿ ಸಾರು ತೆಳ್ಳಗೆ ಮಾಡ್ತೀರಾ, ಗಟ್ಟಿಗೆ ಮಾಡ್ತೀರಾ?’ ಎಂಬುದು. ನಗಬೇಡಿ. ಈ ವಿದ್ಯೆಯನ್ನು ನನಗೆ ಕಲಿಸಿದವರು ಒಂದು ಚೂರೂ ನಗದೆ ಕಲಿಸಿದ್ದರು. ಅವರು ತೀರಿಹೋಗಿ ವರ್ಷದ ಮೇಲಾಯಿತು. ಅವರನ್ನು ನೆನೆದು ಅಳೋಣ ಅಂತ ಕೂತರೂ ಸ್ವಲ್ಪ ಹೊತ್ತಿಗೆ ನಗು ಉಕ್ಕಿ ಬಂದುಬಿಡುತ್ತದೆ. ಏನು ಮಾಡಲಿ, ಆ ಮನುಷ್ಯ ಇದ್ದದ್ದೇ ಹಾಗೆ.

ನಾವೆಲ್ಲ ಅವರನ್ನು ಅಂಕಲ್ ಎನ್ನುತ್ತಿದ್ದೆವು. ಆಫೀಸಿನಲ್ಲಿ ಅವರು ನನಗೆ ಬಾಸು, ಸಾಫ್ಟ್‌ವೇರ್ ಟೆಸ್ಟಿಂಗ್ ಟೀಮಿನ ಮುಖ್ಯಸ್ಥರು. ನಾನು ಬೆಂಗಳೂರಿನಿಂದ ಬಂದ ಹೊಸದರಲ್ಲಿ, ಚಾಂಗಿ ಏರ್‌ಪೋರ್ಟ್ ಕಡೆಯ ಆ ಆಫೀಸಿನಲ್ಲಿ, ಮೊದಲ ದಿನವೇ ‘ಸರ್’ ಅಂದಿದ್ದಕ್ಕೆ, ‘ಸರ್ ಅಂದ್ರೆ ಹೆದರ್ಕೊಂಡು ತಪ್ಪು ಮುಚ್ಚಿಡ್ತೀಯ. ಅಂಕಲ್ ಅನ್ನು, ಧೈರ್ಯವಾಗಿ ಜಗಳ ಆಡ್ಬಹುದು’ ಅಂದಿದ್ದರು. ನನಗೆ ಮೊದಲೇ ಬಾಯಿ ಜಾಸ್ತಿ. ಇನ್ನು ಪರ್ಮಿಷನ್ ಬೇರೆ ಸಿಕ್ಕಿತಲ್ಲ!

ಅವತ್ತು ಮಧ್ಯಾಹ್ನ ಊಟಕ್ಕೆ ಸಾಲು ಸಾಲು ತಿಂಡಿಯಂಗಡಿಗಳಿರುವ ಹಾಕರ್ ಸೆಂಟರಿಗೆ ಕರೆದುಕೊಂಡು ಹೋದರು. ಅಲ್ಲಿ ಸ್ಟೂಲುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ, ಆನೆ ಬಂದು ಒರಗಿದರೂ ಅಲ್ಲಾಡುವುದಿಲ್ಲ. ಅಂಕಲ್ ಕೂರುವ ಮುಂಚೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಬಗ್ಗಿ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಕಿವಿ ಓರೆ ಮಾಡಿ ಕೇಳಿಸಿಕೊಂಡರು. ‘ಅಂಕಲ್, ಅದನ್ನ ನೆಲಕ್ಕೇ ಫಿಕ್ಸ್ ಮಾಡಿದಾರೆ’ ಅಂದೆ.

‘ನಂಬಿಕೆ ಇದೆ ಕಣಮ್ಮ. ಆದ್ರೂ ಒಂದ್ಸಲ ನೋಡ್ಬಿಡೋಣ.’

ಈ ಮಾತನ್ನು ಆಮೇಲೆ ನಾನು ಅದೆಷ್ಟು ಸಲ ಕೇಳಿದೆನೋ ದೇವರಿಗೇ ಗೊತ್ತು. ಕೊಡೆ ಕೊಂಡರೆ ಅಂಗಡಿಯವನ ಎದುರಿಗೇ ಬಿಚ್ಚಿ ನಲ್ಲಿಯ ಕೆಳಗೆ ಹಿಡಿಯುತ್ತಿದ್ದರು. ಹೆಂಡತಿಯ, ಅಂದರೆ ನಮ್ಮ ಆಂಟಿಯ, ಹುಟ್ಟುಹಬ್ಬಕ್ಕೆ ಕುಕ್ಕರ್ ತಂದು, ಅವರಿಗೆ ಕೊಡುವ ಮುಂಚೆ ನಮ್ಮ ಮನೆಯಲ್ಲಿ ಕೂಗಿಸಿ ನೋಡಿದ್ದರು. ಬೇಳೆ ಬೇಯಿಸಿದ ಗುರುತು ಕಂಡು ಆಂಟಿ, ‘ಯಾರ ಮನೆ ಸೆಕೆಂಡ್ ಹ್ಯಾಂಡ್ ರೀ ಇದು?’ ಅಂತ ಒಂದು ವಾರ ಮಾತು ಬಿಟ್ಟಿದ್ದರಂತೆ. ಆಫೀಸಿನಲ್ಲೂ ಅಷ್ಟೇ. ‘ಎಲ್ಲಾ ವರ್ಕ್ ಆಗ್ತಿದೆ ಅಂಕಲ್’ ಅಂದವರ ಗತಿ ಮುಗಿಯಿತು, ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಬಂದುಬಿಡುತ್ತಿದ್ದರು. ಆದರೆ ಪಾಸಾಯಿತೋ, ಕೆಳಗೆ ಕರೆದುಕೊಂಡು ಹೋಗಿ ಕಾಫಿ ಕೊಡಿಸುತ್ತಿದ್ದರು. ‘ಪಾಸಾದ್ಮೇಲೆ ಕುಡೀಬೇಕು. ಇಲ್ದಿದ್ರೆ ಪಾಸಾಗಿದ್ದು ಲೆಕ್ಕಕ್ಕಿಲ್ಲ’ ಅನ್ನುವುದು ಅವರ ಕಾನೂನು.

ಇಂಥವರು ರಿಟೈರ್ ಆದ ಮೇಲೆ ಸುಮ್ಮನೆ ಪಾಸಿರ್ ರಿಸ್ ಬೀಚಿನಲ್ಲಿ ವಾಕಿಂಗ್ ಮಾಡಿಕೊಂಡು ಇರುತ್ತಾರೆಯೇ? ಹಳೆಯ ಪಿಕಪ್ ಒಂದನ್ನು ಕೊಂಡು, ಸಮಾರಂಭಗಳಿಗೆ ದೊಡ್ಡ ದೊಡ್ಡ ಗ್ರೈಂಡರ್, ಪಾತ್ರೆ ಬಾಡಿಗೆ ಕೊಡುವ ವ್ಯಾಪಾರ ಶುರುಮಾಡಿದರು. ಪ್ರತಿ ಗ್ರೈಂಡರನ್ನೂ ಕಳಿಸುವ ಮೊದಲು ಮನೆಯಲ್ಲಿ ಅಕ್ಕಿ ಉದ್ದು ಹಾಕಿ ರುಬ್ಬಿ ನೋಡಲೇಬೇಕು. ‘ನಮ್ಮನೇಲಿ ದಿನಾ ಇಡ್ಲಿ ಕಣೆ. ಬಾಡಿಗೆ ಬಂದಷ್ಟೂ ಇಡ್ಲಿ’ ಎಂದು ಆಂಟಿ ಫೋನಿನಲ್ಲಿ ಗೋಳಾಡುತ್ತಿದ್ದರು.

ಆಂಟಿಯ ವಿಷಯ ಹೇಳದೆ ಬ್ರೇಕಿನ ಕಥೆ ಮುಂದೆ ಹೋಗುವುದಿಲ್ಲ. ಆಂಟಿ ಮೈಸೂರಿನವರು. ದಸರಾ ಬಂತೆಂದರೆ ಅವರ ಫ್ಲ್ಯಾಟಿನ ಹಾಲಿನಲ್ಲಿ ಸೋಫಾಕ್ಕೆ ಜಾಗವಿಲ್ಲ, ಟೀವಿಗೆ ಜಾಗವಿಲ್ಲ, ಗಂಡನಿಗಂತೂ ಮೊದಲೇ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಬೊಂಬೆಗಳು. ನಡುಮಧ್ಯದಲ್ಲಿ ಪಟ್ಟದ ಬೊಂಬೆ: ಮದುವೆಯಲ್ಲಿ ಅವರ ತಾಯಿ ಕೊಟ್ಟ ರಕ್ತಚಂದನದ ರಾಜ, ರಾಣಿ. ಒಂದು ಗೇಣೆತ್ತರ ಇರಬಹುದು. ರಾಜನ ಮೂಗು ಸ್ವಲ್ಪ ಸವೆದಿದೆ, ರಾಣಿಗೆ ಪ್ರತಿ ವರ್ಷ ಹೊಸ ಸೀರೆ. ಪಾಡ್ಯದ ದಿನ ಕೂರಿಸಿ ಪೂಜೆ ಮಾಡಿದರೆ, ವಿಜಯದಶಮಿಯ ದಿನ ಆರತಿ ಎತ್ತಿ ಇಬ್ಬರನ್ನೂ ಮೆಲ್ಲಗೆ ಮಲಗಿಸುವವರೆಗೆ ಅವರು ನಿಂತೇ ಇರಬೇಕು. ಮಲಗಿದರೆ ಹಬ್ಬ ಮುಗಿಯಿತು ಅಂತ ಅರ್ಥ.

ಒಂದು ವರ್ಷ ನವರಾತ್ರಿಯ ಹೊತ್ತಿಗೆ ನಾನು ಬೆಂಗಳೂರಿಗೆ ಹೋಗಿದ್ದೆ. ವಾಪಸ್ ಬಂದಾಗ ಅಂಕಲ್ ಸೆಂಗ್‌ಕಾಂಗಿನ ನಮ್ಮ ಮನೆಗೆ ಡಬ್ಬಿ ತಂದರು. ಅದರ ತುಂಬ ಚರ್ಪು. ಬೊಂಬೆ ನೋಡಲು ಬಂದ ಮಕ್ಕಳ ಕೈಗೆ ಹಾಕುವ ಪುರಿ, ಹುರಿಗಡಲೆ, ಕೊಬ್ಬರಿ, ಸಕ್ಕರೆ.

‘ಇಷ್ಟೊಂದು ಯಾಕೆ ಅಂಕಲ್?’

‘ಉಳೀತು ಕಣಮ್ಮ. ನೆನ್ನೆ ಒಬ್ರೂ ಬರ್ಲಿಲ್ಲ. ಯಾರಿಗೋ ಡೆಡ್‌ಲೈನು, ಯಾರ್ದೋ ಮಗುಗೆ ಟ್ಯೂಷನ್ನು, ಟ್ಯಾಂಪಿನೀಸ್‌ನೋರಿಗೆ ಮಳೆ. ನಿಮ್ಮಾಂಟಿ ರೇಷ್ಮೆ ಸೀರೆ ಉಟ್ಕೊಂಡು ಬಾಗಿಲು ತೆಗೆದಿಟ್ಕೊಂಡು ಕೂತಿದ್ಲು. ಲಿಫ್ಟ್ ಸದ್ದಾದಾಗೆಲ್ಲ ಎದ್ದು ನಿಲ್ಲೋಳು.’

ಅಂಕಲ್ ಎಂದೂ ಹಾಗೆ ಸಪ್ಪಗೆ ಕೂತವರಲ್ಲ. ಮೈಸೂರಿನಲ್ಲಿ ಆಂಟಿ ಚಿಕ್ಕವರಿದ್ದಾಗ ಬೀದಿಯ ಮಕ್ಕಳೆಲ್ಲ ಗುಂಪು ಕಟ್ಟಿಕೊಂಡು ಮನೆಮನೆಗೆ ಹೋಗಿ, ‘ರೀ, ಬೊಂಬೆ ಕೂರ್ಸಿದ್ದೀರಾ?’ ಎಂದು ಕೂಗುತ್ತಿದ್ದರಂತೆ. ಆ ಕೂಗಿಗಾಗಿಯೇ ಅವರು ಅಷ್ಟೆಲ್ಲ ಮಾಡುತ್ತಿದ್ದದ್ದು. ಅಂಕಲ್ ನಮ್ಮ ಟೀಪಾಯಿಯನ್ನು ಗೆಣ್ಣಿನಿಂದ ಬಡಿದು ನೋಡಿ, ‘ಜನ ಬೊಂಬೆ ಹತ್ರ ಬರ್ದೆ ಹೋದ್ರೆ, ಬೊಂಬೇನೇ ಜನರ ಹತ್ರ ಕರ್ಕೊಂಡು ಹೋಗೋಣ’ ಅಂದರು. ತಮಾಷೆ ಎಂದುಕೊಂಡೆ.

ಮುಂದಿನ ದಸರೆಗೆ ಮುಂಚೆ ಪಿಕಪ್ಪಿನ ಹಿಂದೆ ಟ್ರೈಲರ್ ಬಂತು. ದೋಣಿಯ ಹುಚ್ಚು ಬಿಟ್ಟ ಯಾರೋ ದೋಣಿ ಮಾರಿ, ಅದನ್ನೆಳೆಯುವ ಟ್ರೈಲರನ್ನು ಹಾಗೇ ಉಳಿಸಿಕೊಂಡಿದ್ದರು. ಅಂಕಲ್ ಅದರ ಮೇಲೆ ಹಲಗೆ ಹಾಸಿ, ಮೆಟ್ಟಿಲು ಕೂರಿಸಿ, ಸುತ್ತ ಪಾರದರ್ಶಕ ಹಾಳೆ ಕಟ್ಟಿದರು. ಮಕ್ಕಳ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಬೊಂಬೆಗಳು ಕಾಣುತ್ತಿದ್ದವು. ಪರ್ಮಿಟ್ಟು, ಇನ್ಸ್‌ಪೆಕ್ಷನ್ನು ಎಲ್ಲ ಕ್ರಮವಾಗಿ ಮಾಡಿಸಿದರು. ತಪಾಸಣೆ ಮಾಡಿದವರಿಗೇ ಇವರ ಪ್ರಶ್ನೆಗಳಿಂದ ಸುಸ್ತಾಯಿತಂತೆ.

ಆಂಟಿ ಟ್ರೈಲರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಕಣ್ಣಲ್ಲಿ ಆಸೆ ಇತ್ತು, ಬಾಯಲ್ಲಿ ಇರಲಿಲ್ಲ.

‘ರೀ, ಬೇರೆ ಬೊಂಬೆ ಬಿದ್ರೆ ಎತ್ತಿ ನಿಲ್ಲಿಸ್ಬಹುದು. ದಶಮಿಗೆ ಮುಂಚೆ ನನ್ನ ರಾಜ-ರಾಣಿ ಮಲಗಿದ್ರೋ, ಅವತ್ತಿಗೆ ನಮ್ಮನೇಲಿ ಬೊಂಬೆ ಮುಗೀತು. ನಾನು ಮತ್ತೆ ಕೂರ್ಸಲ್ಲ. ಹೇಳಿದೀನಿ.’

‘ಆಂಟಿ, ಕಾಲ ಕೆಳಗೆ ಒಂದು ಚೂರು ಡಬಲ್ ಸೈಡ್ ಟೇಪ್...’ ಎಂದು ನಾನು ಬಾಯಿ ಹಾಕಿದೆ.

‘ರಾಜನ ಕಾಲಿಗೆ ಟೇಪಾ?’

‘ಹಾಗಾದ್ರೆ ಒಂದು ಸಣ್ಣ ಬೆಲ್ಟು?’

‘ಸೀಟ್ ಬೆಲ್ಟ್ ಹಾಕ್ಕೊಂಡ ಮಹಾರಾಜನ್ನ ಎಲ್ಲಾದ್ರೂ ನೋಡಿದ್ದೀಯೇನೇ?’

ಮುಗಿಯಿತು. ಇನ್ನು ಉಳಿದದ್ದು ಬ್ರೇಕು. ಮುಂದಿನ ಗಾಡಿ ನಿಂತಾಗ ಹಿಂದಿನ ಟ್ರೈಲರ್ ಕೂಡ ತಾನೇ ತಾನಾಗಿ ನಿಲ್ಲಬೇಕು. ಇಲ್ಲದಿದ್ದರೆ ಬಂದು ಗುಮ್ಮುತ್ತದೆ, ಜಾಸ್ತಿ ಹಿಡಿದರೆ ಜಗ್ಗುತ್ತದೆ. ಎರಡರಲ್ಲೂ ಮಹಾರಾಜರು ಮಕಾಡೆ. ಟ್ರೈಲರಿನ ಬ್ರೇಕಿಗೆ ‘ಈಗ ಹಿಡಿ, ಇಷ್ಟೇ ಹಿಡಿ’ ಎಂದು ಹೇಳುವುದು ಡ್ರೈವರ್ ಪಕ್ಕದಲ್ಲಿರುವ ಅಂಗೈಯಗಲದ ಪೆಟ್ಟಿಗೆ. ಅದೇ ಕಂಟ್ರೋಲರು. ಅದನ್ನು ಆರಿಸಲು ನಾವು ಒಂದು ವರ್ಕ್‌ಶಾಪಿಗೆ ಹೋದೆವು. ಅಲ್ಲಿಯ ಮೆಕ್ಯಾನಿಕ್ ಚೀನೀ ಹಿರಿಯರು, ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡೇ, ‘ಆ’, ‘ಮೇ’ ಎಂದು ಬಾಲ ಸೇರಿಸುವ ಈ ಊರಿನ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು.

‘ಕ್ಯಾರಿ ವಾಟ್? ಬೋಟ್ ಆ?’

‘ನೋ ನೋ. ಕಿಂಗ್ ಅಂಡ್ ಕ್ವೀನ್’ ಅಂದರು ಅಂಕಲ್.

ಸ್ಕ್ರೂಡ್ರೈವರ್ ಬಾಯಿಂದ ಹೊರಗೆ ಬಂತು. ‘ಹೌ ಹೆವಿ?’

‘ಹಾಫ್ ಕೆಜಿ.’

‘ಹಾಫ್ ಕೆಜಿ ಆಲ್ಸೋ ನೀಡ್ ಬ್ರೇಕ್ ಮೇ?’

ನಾನು ಟೈರುಗಳ ಹಿಂದೆ ಹೋಗಿ ನಕ್ಕು ಬಂದೆ. ಅಂಕಲ್ ಮಾತ್ರ ಫೋನಿನಲ್ಲಿದ್ದ ಬೊಂಬೆಗಳ ಫೋಟೋ ತೋರಿಸಿ, ದಶಮಿಯ ಮಹತ್ವವನ್ನು ಇಂಗ್ಲಿಷಿನಲ್ಲಿ ಪೂರ್ತಿ ವಿವರಿಸಿದರು. ಮೆಕ್ಯಾನಿಕ್ಕಿಗೆ ಎಷ್ಟು ಅರ್ಥವಾಯಿತೋ! ಕೊನೆಗೆ ಅವರು, ‘ವೈಫ್ ಸೇ ಕ್ಯಾನಾಟ್ ಫಾಲ್, ಮೀನ್ಸ್ ಕ್ಯಾನಾಟ್ ಫಾಲ್’ ಅಂದರು. ಮುಖ್ಯವಾದದ್ದು ಅರ್ಥವಾಗಿತ್ತು.

ಅವರು ಎರಡು ಪೆಟ್ಟಿಗೆ ಮುಂದಿಟ್ಟರು. ಒಂದು, ನಾವು ಪೆಡಲ್ ಮುಟ್ಟಿದ ಕೂಡಲೇ ತನ್ನ ಪಾಡಿಗೆ ತಾನು ಏರುತ್ತಾ ಹೋಗಿ, ಮೊದಲೇ ಗೊತ್ತುಮಾಡಿದಷ್ಟು ಬ್ರೇಕ್ ಹಾಕುವಂಥದ್ದು. ನಾವು ಮೆಲ್ಲಗೆ ನಿಲ್ಲಿಸುತ್ತಿದ್ದೇವೋ, ಗಾಬರಿಯಿಂದ ನಿಲ್ಲಿಸುತ್ತಿದ್ದೇವೋ ಅದಕ್ಕೆ ಬೇಕಿಲ್ಲ. ಇನ್ನೊಂದು, ಗಾಡಿ ಎಷ್ಟು ರಭಸದಿಂದ ನಿಲ್ಲುತ್ತಿದೆ ಎಂದು ತಾನೇ ಗ್ರಹಿಸಿ, ಅದಕ್ಕೆ ತಕ್ಕಷ್ಟೇ ಹಿಡಿಯುವಂಥದ್ದು. ಅಂಕಲ್ ನನಗೆ ಬಿಡಿಸಿ ಹೇಳಿದರು: ‘ಮೊದಲ್ನೇದು ಗೋಡೆ ಗಡಿಯಾರ ಕಣಮ್ಮ. ಏನಾದ್ರೂ ಆಗ್ಲಿ, ಟೈಮಿಗೆ ಹೊಡಿಯುತ್ತೆ. ಎರಡ್ನೇದು ನಿಮ್ಮಾಂಟಿ. ನಾನು ದನಿ ಎಷ್ಟು ಏರಿಸ್ತೀನೋ ಅಷ್ಟೇ ಅವಳೂ ಏರಿಸ್ತಾಳೆ.’

‘ಹಾಗಾದ್ರೆ ಯಾವುದು ತಗೋತೀರಿ?’

‘ಗಡಿಯಾರಾನೇ. ಮನೇಲೊಬ್ಳು ಸಾಕು.’

ಟೆಸ್ಟರ್ ಆಗಿ ತಲೆ ನರೆಸಿಕೊಂಡವರಿಗೆ ಯಾವಾಗಲೂ ಒಂದೇ ಥರ ನಡೆದುಕೊಳ್ಳುವ ವಸ್ತು ಇಷ್ಟವಾಗುವುದು ಸಹಜ. ಆದರೂ ಒಂದ್ಸಲ ನೋಡಿಬಿಡಬೇಕಲ್ಲ! ಮೆಕ್ಯಾನಿಕ್ ಮೊದಲನೆಯದನ್ನು ಜೋಡಿಸಿಕೊಟ್ಟರು. ಭಾನುವಾರ, ವರ್ಕ್‌ಶಾಪಿನ ಹಿಂದಿನ ಖಾಲಿ ರಸ್ತೆ. ಟ್ರೈಲರಿನಲ್ಲಿ ರಾಜ-ರಾಣಿ ನಿಲ್ಲುವ ಜಾಗದಲ್ಲೇ ಕಾಫಿಯ ಸ್ಟೀಲ್ ಲೋಟ, ಕೆಳಗೆ ಅದರ ಬಟ್ಟಲು. ಲೋಟದ ತುಂಬ, ಕಂಠದವರೆಗೆ, ಆಂಟಿಯ ಫಿಲ್ಟರ್ ಕಾಫಿ. ಎತ್ತರದಿಂದ ಸುರಿದು ನೊರೆ ಬರಿಸುವ ಕೆಲಸ ನನ್ನದು. ಚೆಲ್ಲಿದರೆ ಬಟ್ಟಲಿಗೆ ಬೀಳುತ್ತದೆ. ಬಟ್ಟಲು ಒಣಗಿದ್ದರೆ ಪಾಸು. ಲೋಟದ ಎದುರಿಗೆ ಒಂದು ಫೋನ್ ಕಟ್ಟಿ, ಇನ್ನೊಂದು ಫೋನಿನಲ್ಲಿ ವೀಡಿಯೋ ನೋಡುತ್ತಾ ನಾನು ಗಾಡಿಯೊಳಗೆ ಕೂತೆ. ಕಾಫಿಗೆ ವೀಡಿಯೋ ಕಾಲ್ ಮಾಡಿದವಳು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಹೋದೆವು, ನಿಲ್ಲಿಸಿದೆವು. ಬಟ್ಟಲು ಒಣಗಿತ್ತು. ಅಂಕಲ್ ಇಳಿದು ಓಡಿಹೋಗಿ ಲೋಟ ಎತ್ತಿ ನಿಂತಲ್ಲೇ ಕುಡಿದರು. ‘ಪಾಸು!’

ಮನೆಗೆ ಬಂದು ಎದೆಯುಬ್ಬಿಸಿ ವರದಿ ಒಪ್ಪಿಸಿದಾಗ ಆಂಟಿ ಬೀನ್ಸ್ ಹೆಚ್ಚುತ್ತಿದ್ದರು. ತಲೆ ಎತ್ತದೆ ಕೇಳಿದರು, ‘ಕಾಫೀಲಿ ನೊರೆ ಇತ್ತಾ?’

‘ಇಲ್ದೆ ಏನು? ನೊರೆ ಇಲ್ದೆ ಅದನ್ನ ಕಾಫಿ ಅಂತಾರಾ?’

‘ನೊರೆ ಅಂದ್ರೆ ಮುಚ್ಚಳ ಇದ್ದ ಹಾಗೆ ರೀ. ಗಟ್ಟಿ ನೊರೆ ಇದ್ರೆ ಕೈಯಲ್ಲಿ ಹಿಡ್ಕೊಂಡು ಕುಣಿದ್ರೂ ಚೆಲ್ಲಲ್ಲ. ನೀವು ಬ್ರೇಕ್ ಟೆಸ್ಟ್ ಮಾಡಿಲ್ಲ, ನನ್ನ ಡಿಕಾಕ್ಷನ್ ಟೆಸ್ಟ್ ಮಾಡಿದ್ದೀರ.’

ಅಂಕಲ್ ಮುಖ ನೋಡಬೇಕಿತ್ತು! ಅಷ್ಟು ವರ್ಷ ಕಂಡವರ ಪ್ರೋಗ್ರಾಮುಗಳಲ್ಲಿ ಹುಳುಕು ಹಿಡಿದವರು, ಬಾಯಿ ತೆರೆದುಕೊಂಡು ನಿಂತರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ‘ನಲವತ್ತು ಜನರ ಟೀಮಲ್ಲಿ ಒಬ್ರೂ ನನ್ನ ಟೆಸ್ಟ್ ಕೇಸ್ ತಪ್ಪು ಅಂದಿರ್ಲಿಲ್ಲ ಕಣೇ! ನಿನ್ನ ಅಲ್ಲೇ ಕೆಲಸಕ್ಕೆ ಸೇರಿಸ್ಬೇಕಿತ್ತು.’

‘ನೊರೆ ಕಟ್ಟದೇ ಇರೋದು ಇಡಿ. ತಿಳಿಸಾರು ಮಾಡ್ಕೊಡ್ತೀನಿ’ ಅಂದರು ಆಂಟಿ, ಗಂಭೀರವಾಗಿ.

ಮುಂದಿನ ಭಾನುವಾರ ಅದೇ ರಸ್ತೆ, ಅದೇ ಲೋಟ, ಅದರಲ್ಲಿ ಬೇಳೆಕಟ್ಟಿನ ತಿಳಿಸಾರು. ಗೋಡೆ ಗಡಿಯಾರದ ಬಣ್ಣ ಬಯಲಾಯಿತು. ನಾವು ಮೆಲ್ಲಗೆ ನಿಲ್ಲುತ್ತಿದ್ದರೂ ಅದು ತನ್ನ ಪಾಡಿಗೆ ಪೂರ್ತಿ ಹಿಡಿದು ಟ್ರೈಲರನ್ನು ಜಗ್ಗಿತು. ಬಟ್ಟಲು ತುಂಬಿ, ಹಲಗೆಯ ಮೇಲೆ ಸಾರು ಹರಿದು, ರಸ್ತೆಗೆಲ್ಲ ಇಂಗು ಒಗ್ಗರಣೆಯ ಘಮ. ಮೆಕ್ಯಾನಿಕ್ ಮೂಗರಳಿಸಿಕೊಂಡು ಬಂದರು. ‘ವಾ, ಬ್ರೇಕ್ ನೋ ಗುಡ್. ಸೂಪ್ ವೆರಿ ಗುಡ್!’ ಎರಡನೆಯ ಪೆಟ್ಟಿಗೆ ಜೋಡಿಸಿದರು. ಮೊದಲ ಓಟಕ್ಕೆ ನಾಲ್ಕು ಹನಿ. ಅಂಕಲ್ ಅದರ ತಿರುಗುಗುಂಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರು. ಮತ್ತೆ ಓಟ. ಫೋನಿನಲ್ಲಿ ಸಾರು ಒಂದು ಸಲ ಲೋಟದ ಅಂಚಿಗೆ ಬಂದು, ಇಣುಕಿ, ವಾಪಸ್ ಹೋಯಿತು.

‘ಒಣಗಿದೆ ಅಂಕಲ್!’ ಎಂದು ನಾನು ಕಿರುಚಿದೆ. ಅಂಕಲ್ ನಡುರಸ್ತೆಯಲ್ಲಿ ಎರಡು ಹೆಜ್ಜೆ ಕುಣಿದೇಬಿಟ್ಟರು. ಲೋಟ ಎತ್ತಿ ಅರ್ಧ ಕುಡಿದು ಮಿಕ್ಕಿದ್ದನ್ನು ಮೆಕ್ಯಾನಿಕ್ಕಿಗೆ ಕೊಟ್ಟರು. ‘ಆಂಟೀನೇ ಗೆದ್ರು ನೋಡಿ’ ಅಂದೆ. ‘ಯಾವತ್ತು ಸೋತಿದ್ಲು?’ ಅಂದರು.

ನವರಾತ್ರಿ ಬಂತು. ಪಾಡ್ಯದ ಪೂಜೆ ಟ್ರೈಲರಿನಲ್ಲೇ ಆಯಿತು. ಮಾರನೆಯ ದಿನ ಸಂಜೆ ಮೊದಲ ಸವಾರಿ, ಪಾಸಿರ್ ರಿಸ್‌ನಿಂದ ಸೆಂಗ್‌ಕಾಂಗಿಗೆ. ಅಂಕಲ್ ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ರೇಷ್ಮೆ ಸೀರೆಯ ಆಂಟಿ, ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಚರ್ಪಿನ ಡಬರಿ, ಕೈಯಲ್ಲಿ ವೀಡಿಯೋ ಫೋನು ಹಿಡಿದ ನಾನು. ‘ನಿಂತಿದಾರಾ?’ ಎಂದು ಆಂಟಿ ಪ್ರತಿ ಸಿಗ್ನಲಿನಲ್ಲೂ ಕೇಳುವುದು, ‘ನಿಂತಿದಾರೆ’ ಎಂದು ನಾನು ಹೇಳುವುದು.

ಪಾರ್ಕಿನ ಬದಿಯ ರಸ್ತೆಯಲ್ಲಿ ಇದ್ದಕ್ಕಿದ್ದ ಹಾಗೆ ಪೊದೆಯೊಳಗಿಂದ ನೀರುನಾಯಿಗಳ ಸಂಸಾರವೊಂದು ರಸ್ತೆಗೆ ಇಳಿಯಿತು. ಅಪ್ಪ, ಅಮ್ಮ, ಹಿಂದೆ ಸಾಲಾಗಿ ಮರಿಗಳು. ಈ ಊರಿನಲ್ಲಿ ಅವು ರಸ್ತೆ ದಾಟುವಾಗ ಗಾಡಿಗಳ ಕಡೆ ತಿರುಗಿಯೂ ನೋಡುವುದಿಲ್ಲ. ಅಂಕಲ್ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬ್ರೇಕ್ ಒತ್ತಿದರು.

ನಾನು ಮುಂದಿನ ಸೀಟಿಗೆ ಗುದ್ದಿದೆ. ಡಬರಿ ಹಾರಿತು. ಪುರಿ, ಕಡಲೆ, ಸಕ್ಕರೆ ಗಾಡಿಯೊಳಗೆಲ್ಲ ಅಕ್ಷತೆ ಹಾಕಿದ ಹಾಗೆ ಉದುರಿತು. ಫೋನು ಎಲ್ಲಿ ಹೋಯಿತೋ! ನೀರುನಾಯಿಗಳು ಆರಾಮಾಗಿ ಆಚೆ ಬದಿಗೆ ಹೋದವು. ಅಂಕಲ್ ಗಾಡಿಯನ್ನು ಮೆಲ್ಲಗೆ ಪಕ್ಕಕ್ಕೆ ತಂದು, ಮಿಣಮಿಣ ದೀಪ ಹಾಕಿ ನಿಲ್ಲಿಸಿದರು.

‘ನಿಂತಿದಾರಾ?’ ಆಂಟಿ ಹಿಂದಕ್ಕೆ ತಿರುಗದೆ ಕೇಳಿದರು.

‘ಫೋನು ಸೀಟ್ ಕೆಳಗೆ ಬಿದ್ದಿದೆ ಆಂಟಿ, ಕಾಣ್ತಿಲ್ಲ.’

ಅಂಕಲ್ ಸ್ಟೀರಿಂಗ್ ಬಿಡದೆ ಎದುರಿಗೇ ನೋಡುತ್ತಾ, ‘ನಂಬಿಕೆ ಇದೆ ಕಣೇ’ ಅಂದರು. ಅಷ್ಟಕ್ಕೇ ನಿಲ್ಲಿಸಿದರು. ಆ ಮಾತಿನ ಉಳಿದರ್ಧವನ್ನು ಅವರು ಹೇಳದೆ ಹೋದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬೋಲ್ಟ್ ಹಾಕಿದ ಸ್ಟೂಲನ್ನೂ ನಂಬದವರಿಗೆ ಇಳಿದು ಹಿಂದೆ ಹೋಗಿ ನೋಡುವ ಧೈರ್ಯವಿರಲಿಲ್ಲ.

ಆಂಟಿಯೇ ಬಾಗಿಲು ತೆಗೆದರು. ‘ಆದ್ರೂ ಒಂದ್ಸಲ ನೋಡ್ಬಿಡೋಣ, ಬನ್ನಿ.’

ಮೂವರೂ ಹಿಂದೆ ಹೋದೆವು. ಕೆಳಗಿನ ಮೆಟ್ಟಿಲಿನಲ್ಲಿ ಅಂಗಡಿ ಶೆಟ್ಟರು ಅಂಗಾತ ಬಿದ್ದಿದ್ದರು, ಅವರ ಮುಂದಿನ ಅಕ್ಕಿ ಬೇಳೆಯೆಲ್ಲ ಚೆಲ್ಲಾಪಿಲ್ಲಿ. ಮೇಲೆ, ನಡುಮಧ್ಯದಲ್ಲಿ, ರಾಜ ನಿಂತಿದ್ದ. ರಾಣಿ ನಿಂತಿದ್ದಳು. ಇಬ್ಬರ ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದದ್ದು ಮಾಯವಾಗಿ, ಜಾರಿ ಬಂದು ಒಬ್ಬರಿಗೊಬ್ಬರು ಭುಜ ತಾಗಿಸಿಕೊಂಡು ನಿಂತಿದ್ದರು.

ಆಂಟಿ ಬಾಯಿಗೆ ಸೆರಗು ಹಿಡಿದುಕೊಂಡರು. ಅಳುತ್ತಾರೆ ಅಂದುಕೊಂಡೆ. ಇಲ್ಲ, ನಗು! ‘ಮಹಾರಾಜರು ನಿಂತಿದಾರೆ ರೀ, ನಾವುಗಳೇ ಬಿದ್ದಿರೋದು. ನಿಮ್ಮ ತಲೆ ತುಂಬ ಪುರಿ!’ ಅಂಕಲ್ ತಲೆ ಮುಟ್ಟಿಕೊಂಡು ನೋಡಿದರು, ಒಂದು ಪುರಿ ಬಾಯಿಗೆ ಹಾಕಿಕೊಂಡು, ‘ಪಾಸು’ ಅಂದರು. ರಾಜ-ರಾಣಿಯನ್ನು ಮತ್ತೆ ದೂರ ಸರಿಸಿ ನಿಲ್ಲಿಸಲಾ ಎಂದು ನಾನು ಕೇಳಿದೆ. ‘ಇರ್ಲಿ ಬಿಡೆ’ ಅಂದರು ಆಂಟಿ.

ಸೆಂಗ್‌ಕಾಂಗಿನ ನಮ್ಮ ಬ್ಲಾಕಿನ ವಾಯ್ಡ್ ಡೆಕ್, ಅಂದರೆ ಕಟ್ಟಡದ ಕೆಳಗಿನ ಖಾಲಿ ಜಗಲಿಯ ಪಕ್ಕ ಮಕ್ಕಳು ಕಾಯುತ್ತಿದ್ದರು. ಅಂಕಲ್ ವಾರದಿಂದ ವಾಯ್ಸ್ ಮೆಸೇಜಿನಲ್ಲಿ ಕಲಿಸಿದ್ದ ಪಾಠವನ್ನು ಒಟ್ಟಿಗೆ ಕೂಗಿದರು: ‘ರೀ, ಬೊಂಬೆ ಕೂರ್ಸಿದ್ದೀರಾ?’ ನನ್ನ ಮಗಳು ಉತ್ಸಾಹ ತಾಳದೆ ಕೊನೆಗೆ ಈ ಊರಿನ ಮಾತಿನ ಬಾಲ ‘ಲಾ’ ಬೇರೆ ಸೇರಿಸಿದಳು. ಆಂಟಿ, ‘ಕೂರ್ಸಿದೀವಿ ಬನ್ನಿ ಬನ್ನಿ’ ಎಂದು ಓಡಿದ ವೇಗಕ್ಕೆ ಯಾವ ಬ್ರೇಕೂ ಸಾಲುತ್ತಿರಲಿಲ್ಲ. ಡಬರಿಯ ತಳದಲ್ಲಿ ಉಳಿದಿದ್ದ ಚರ್ಪು ಒಬ್ಬೊಬ್ಬರಿಗೆ ಒಂದೊಂದು ಚಿಟಿಕೆ ಬಂತು. ಯಾರೂ ಗೊಣಗಲಿಲ್ಲ.

ಎರಡು ದಸರೆ ಹೀಗೆ ನಡೆಯಿತು. ಮೂರನೆಯದಕ್ಕೆ ಕೆಲವು ತಿಂಗಳಿರುವಾಗ ಅಂಕಲ್ ನಿದ್ದೆಯಲ್ಲೇ ಹೋಗಿಬಿಟ್ಟರು. ಎಲ್ಲವನ್ನೂ ಮೊದಲೇ ನೋಡಿ ಇಡುತ್ತಿದ್ದವರು ನಮಗೆ ಒಂದು ಸುಳಿವೂ ಕೊಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ವರ್ಷ ಪೂರ್ತಿ ಆಂಟಿಯ ಮನೆಯಲ್ಲಿ ಹಬ್ಬವಿಲ್ಲ. ರಾಜ-ರಾಣಿ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆಯಲ್ಲಿ ಮಲಗಿದ್ದರು. ಪಿಕಪ್ಪನ್ನು ಗ್ರೈಂಡರ್ ಸಾಗಿಸಲು ಆಗಾಗ ನಾನೇ ಓಡಿಸುತ್ತಿದ್ದೆ. ಟ್ರೈಲರ್ ಮಾತ್ರ ಹೊದಿಕೆ ಹೊದ್ದು ನಿಂತಿತ್ತು. ಈ ಸಲ ನವರಾತ್ರಿ ಹತ್ತಿರ ಬಂದಾಗ ‘ಆಂಟಿ ಇನ್ನು ಕೂರಿಸ್ತಾರೋ ಇಲ್ವೋ’ ಎಂದು ಎಲ್ಲರೂ ನನ್ನನ್ನೇ ಕೇಳುವವರು. ಅವರನ್ನು ಕೇಳುವ ಧೈರ್ಯ ಯಾರಿಗಿತ್ತು? ಅಷ್ಟು ಬಾಯಿ ಇರುವ ನನಗೂ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ ಕಣ್ಣು ಮುಚ್ಚಿಕೊಂಡು ಕೇಳಿಯೇಬಿಟ್ಟೆ: ‘ಆಂಟಿ... ಬೊಂಬೆ ಕೂರ್ಸ್ತೀರಾ?’

ಆ ಕಡೆ ಪಾತ್ರೆಯ ಮುಚ್ಚಳ ತೆಗೆದು ಸೌಟಾಡಿಸಿದ ಸದ್ದು ಕೇಳಿತು. ಆಮೇಲೆ, ‘ಟ್ರೈಲರ್ ನಿಂತು ವರ್ಷದ ಮೇಲಾಯ್ತು. ಬ್ರೇಕ್ ಹೆಂಗಿದೆಯೋ ಏನೋ. ಸಾರು ಒಲೆ ಮೇಲಿದೆ, ಗಾಡಿ ತಗೊಂಡು ಬಾ’ ಅಂದರು.

ಮತ್ತೆ ಅದೇ ಖಾಲಿ ರಸ್ತೆ. ಮೆಕ್ಯಾನಿಕ್ ಬಂದು ವೈರು, ಚಕ್ರ ಎಲ್ಲ ನೋಡಿ, ಟ್ರೈಲರಿನ ಮೇಲೊಮ್ಮೆ ಕೈಯಾಡಿಸಿ ಪಕ್ಕಕ್ಕೆ ನಿಂತರು. ಆಂಟಿ ತಾವೇ ಲೋಟ ಇಟ್ಟು ಸಾರು ಸುರಿದರು. ಸಾಕು ಆಂಟಿ ಅಂದರೆ ಕೇಳಲಿಲ್ಲ. ಲೋಟದ ಅಂಚಿನ ಮೇಲೆ ಸಾರು ಉಬ್ಬಿ ನಿಲ್ಲುವವರೆಗೆ ಸುರಿದರು. ನನ್ನ ಪಕ್ಕ ಬಂದು ಕೂತು, ಫೋನು ಹಿಡಿದು, ‘ಹೂಂ’ ಅಂದರು. ನಾನು ಓಡಿಸಿದೆ. ಒತ್ತಿದೆ.

‘ಆಂಟಿ?’

‘ಒಣಗಿದೆ.’

‘ಪಾಸಾ?’

‘ನಂಬಿಕೆ ಇದೆ ಕಣೆ. ಆದ್ರೂ...’ ಅಂದವರು, ಯಾರ ಮಾತು ತಮ್ಮ ಬಾಯಿಗೆ ಬಂತು ಎಂದು ಗೊತ್ತಾಗಿ ನಿಲ್ಲಿಸಿ, ನನ್ನ ಮುಖ ನೋಡಿದರು. ಇಬ್ಬರಿಗೂ ಒಟ್ಟಿಗೇ ನಗು ಬಂತು, ಅಳುವೂ ಬಂತು.

ಇನ್ನೊಮ್ಮೆ ಓಡಿಸಿದೆವು. ಆಗಲೂ ಬಟ್ಟಲು ಒಣಗಿತ್ತು. ಇಳಿ ಅಂದರು. ಹಿಂದೆ ಹೋಗಿ ಲೋಟ ಎತ್ತಿ, ಅಲ್ಲೇ ನಿಂತು ಅರ್ಧ ಕುಡಿದು, ಮುಖ ಸಿಂಡರಿಸಿಕೊಂಡು ಉಳಿದದ್ದನ್ನು ನನಗೆ ಕೊಟ್ಟರು.

‘ಉಪ್ಪೇ ಹಾಕಿಲ್ಲ ಕಣೆ ಸಾರಿಗೆ.’

‘ಇರ್ಲಿ ಆಂಟಿ, ಪಾಸಾಗಿದೆ’ ಎಂದು ನಾನು ಲೋಟ ಬರಿದು ಮಾಡಿದೆ.